ಬೇಂದ್ರೆ ಹತ್ತಿ ಮಾಸ್ತಿಯಲ್ಲಿ ಇಳಿಯುವುದೆ?



ಕಳೆದ ಸಂಚಿಕೆಯ ಕೊನೆಯ ಪುಟದಲ್ಲಿ, ರಾಜ್ಯೋತ್ಸವದ ಖರ್ಚುವೆಚ್ಚದ ಪಟ್ಟಿಯ ಕೆಳಗೆ ಉಳಿದ ಜಾಗದಲ್ಲಿ, ನಮ್ಮ ಕೂಟದ ಹಿರಿಯರೊಬ್ಬರ ಸಲಹೆ ಅಚ್ಚಾಗಿತ್ತು. ಜೆರಾಕ್ಸಿನ ಮಸಿ ಅಲ್ಲಿಗೆ ಬರುವಷ್ಟರಲ್ಲಿ ಮುಗಿದಿದ್ದರಿಂದ ಬಹಳ ಮಂದಿ ಓದಿರಲಾರರು. ನಾವು ಕನ್ನಡಕ ಏರಿಸಿ ಬೆಳಕಿಗೆ ಹಿಡಿದು ಓದಿದೆವು. ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಆ ಹಿರಿಯರ ಮೇಲೆ ನಮಗೆ ಗೌರವವಿದೆ, ಅವರ ಮನೆಯ ಹೋಳಿಗೆಯ ಮೇಲೂ ಇದೆ. ನಮ್ಮ ತಕರಾರು ಅವರ ಸಲಹೆಯೊಡನೆ ಮಾತ್ರ.

ವಿಷಯ ಇಷ್ಟು. ಡಿಸೆಂಬರ್ ರಜೆಯಲ್ಲಿ ನಮ್ಮ ಮಕ್ಕಳು, ದೊಡ್ಡವು ಚಿಕ್ಕವು ಸೇರಿ ಹನ್ನೊಂದು ಮಂದಿ, ಮೂರು ಶುಕ್ರವಾರ ಒಂದೆಡೆ ಕೂತು ಕಂಪ್ಯೂಟರಿನಲ್ಲಿ ಒಂದು ಊರು ಕಟ್ಟಿದರು. ಆಟದ ಹೆಸರು 'ಸಿಟೀಸ್ ಸ್ಕೈಲೈನ್ಸ್'. ಫಿನ್ಲೆಂಡಿನ ಕಂಪನಿಯೊಂದು ಮಾಡಿ 2015ರಲ್ಲಿ ಹೊರಬಂದದ್ದು. ನೋಡದವರಿಗೆ ಎರಡು ಮಾತು ಹೇಳಬೇಕು. ಕುಂಚದಂಥ ಒಂದು ಸಾಧನದಿಂದ ನಕಾಶೆಯ ಮೇಲೆ ಬಳಿದರೆ ಬಳಿದಷ್ಟು ಜಾಗ ಒಂದು ಬಡಾವಣೆಯಾಗುತ್ತದೆ. ಆ ಬಡಾವಣೆಗೆ ಮಾತ್ರ ಬೇರೆ ಕಾನೂನು ಮಾಡಬಹುದು. ಇಲ್ಲಿಗೆ ದೊಡ್ಡ ಲಾರಿ ಬರಕೂಡದು, ಇಲ್ಲಿ ಬಸ್ಸು ಪುಕ್ಕಟೆ, ಹೀಗೆ. ಬಸ್ಸಿನ ಲೈನು ಹಾಕಬೇಕಾದರೆ ಒಂದೊಂದೇ ಸ್ಟಾಪು ಗುರುತು ಮಾಡುತ್ತಾ ಹೋಗಿ ಮೊದಲ ಸ್ಟಾಪಿಗೇ ವಾಪಸು ಬಂದು ಗಂಟು ಹಾಕಬೇಕು. ಗಂಟು ಬೀಳದಿದ್ದರೆ ಬಸ್ಸೇ ಹೊರಡುವುದಿಲ್ಲ. ಹೆಸರನ್ನು ನಾವು ಇಡದಿದ್ದರೆ ಆಟವೇ ಬಡಾವಣೆಗೆ ಯಾವುದೋ ಇಂಗ್ಲಿಷ್ ಹೆಸರು ಕೊಡುತ್ತದೆ, ಲೈನಿಗೆ ಒಂದು, ಎರಡು, ಮೂರು ಎನ್ನುತ್ತದೆ. ಹೆಸರು, ಬಣ್ಣ ಎರಡನ್ನೂ ನಾವು ಬದಲಾಯಿಸಬಹುದು.

ಮಕ್ಕಳು ಬದಲಾಯಿಸಿದರು. ಆಸ್ಪತ್ರೆ ಇರುವ ಬಡಾವಣೆಗೆ 'ಆಸ್ಪತ್ರೆ ಮೂಲೆ' ಎಂದರು. ಹೊಳೆಯ ಎರಡು ದಡಕ್ಕೆ 'ಸೇತುವೆ ಆಚೆ', 'ಸೇತುವೆ ಈಚೆ' ಎಂದರು. ನಮ್ಮ ಇಬ್ರಾದ ಬುಧವಾರದ ಹೆಂಗಸರ ಸಂತೆಗೆ ಅಮ್ಮನ ಕೈಹಿಡಿದು ಹೋಗಿ ಬೆಳೆದ ಹುಡುಗಿಯೊಬ್ಬಳು ಅಂಗಡಿಗಳಿರುವ ಕಡೆಗೆ 'ಬುಧವಾರಸಂತೆ' ಎಂದು ಇಟ್ಟಳು. ಲೈನುಗಳಿಗೆ ಹುಣಸೆ ಲೈನು, ನೇರಳೆ ಲೈನು, ನಿಂಬೆ ಲೈನು. ಊರಿನ ಕಸ ಹೋಗಿ ಬೀಳುವ ಕಡೆಯ ಕೊನೆಯ ಸ್ಟಾಪಿಗೆ ಆರು ವರ್ಷದ ಪೋರನೊಬ್ಬ ಇಟ್ಟ ಹೆಸರು 'ಮೂಗುಮುಚ್ಚು'. ನಾವು ಅಂದು ಹೊಟ್ಟೆ ಹಿಡಿದು ನಕ್ಕಿದ್ದು ಅಲ್ಲಿದ್ದವರಿಗೆ ನೆನಪಿರಬಹುದು.

ಹಿರಿಯರಿಗೆ ಇದು ಹಿಡಿಸಲಿಲ್ಲ. ಅವರ ಸಲಹೆ ಏನೆಂದರೆ, ಊರಿನಲ್ಲಿ ಎಂಟು ಲೈನುಗಳಿವೆ, ಕನ್ನಡಕ್ಕೆ ಎಂಟು ಜ್ಞಾನಪೀಠ ಬಂದಿದೆ, ಆದ್ದರಿಂದ ಒಂದೊಂದು ಲೈನಿಗೆ ಒಬ್ಬೊಬ್ಬರ ಹೆಸರು ಇಡತಕ್ಕದ್ದು. ಬಡಾವಣೆಗಳಿಗೆ ಪುಲಕೇಶಿ, ನೃಪತುಂಗ, ಕೃಷ್ಣದೇವರಾಯ. ಮುಂದಿನ ವರ್ಷದಿಂದ ಇದು ಸ್ಪರ್ಧೆಯ ನಿಯಮ. ಇದರಿಂದ ಮಕ್ಕಳಿಗೆ ನಾಡಿನ ಮಹನೀಯರ ಪರಿಚಯವಾಗುತ್ತದೆ ಎಂಬುದು ಕಾರಣ.

ನಾವು ಇದನ್ನು ವಿರೋಧಿಸುತ್ತೇವೆ. ಆಟ ತಾನೆ, ಇದಕ್ಕೂ ಒಂದು ಲೇಖನವೆ ಎನ್ನುವವರಿಗೆ ಒಂದು ಮಾತು. ಈ ಹನ್ನೊಂದರಲ್ಲಿ ಒಬ್ಬಳಾದರೂ ಮುಂದೆ ಊರು ಕಟ್ಟುವ ಇಂಜಿನಿಯರ್ ಆದಾಳು, ಒಬ್ಬನಾದರೂ ಹೆಸರಿಡುವ ಕುರ್ಚಿಯಲ್ಲಿ ಕೂತಾನು. ಹೆಸರೆಂದರೆ ಹಾರ ಹಾಕುವುದು ಎಂದು ಹತ್ತನೆಯ ವಯಸ್ಸಿನಲ್ಲಿ ಕಲಿತವರು ಐವತ್ತನೆಯ ವಯಸ್ಸಿನಲ್ಲೂ ಅದನ್ನೇ ಮಾಡುತ್ತಾರೆ.

ಬಸ್ಸಿಗೆ, ಸ್ಟಾಪಿಗೆ, ಬಡಾವಣೆಗೆ ಹೆಸರು ಯಾಕೆ ಬೇಕು? ಹೋಗುವವನು ತಪ್ಪದೆ ಹೋಗಿ ಸೇರಲಿ ಎಂದು. ನಾವು ಬೆಂಗಳೂರಿನಲ್ಲಿ ಎಂ.ಬಿ.ಬಿ.ಎಸ್. ಓದುವ ಕಾಲಕ್ಕೆ ಅದು ಇನ್ನೂ ಬಿ.ಟಿ.ಎಸ್. ಬಸ್ಸು, ಬಿಟ್ರೆ ತಿರ್ಗಾ ಸಿಗಲ್ಲ ಎಂದು ಅದಕ್ಕೆ ನಾವೆಲ್ಲ ವಿಸ್ತರಣೆ ಕೊಡುತ್ತಿದ್ದೆವು. ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನೇತಾಡುತ್ತಾ 'ಮೆಜೆಸ್ಟಿಕ್ ಮೆಜೆಸ್ಟಿಕ್ ಮೆಜೆಸ್ಟಿಕ್' ಎಂದೋ 'ಮಾರ್ಕೆಟ್ ಮಾರ್ಕೆಟ್ ಮಾರ್ಕೆಟ್' ಎಂದೋ ಕೂಗುವನು. ಒಂದೇ ಉಸಿರಿನಲ್ಲಿ ಮೂರು ಸಲ ಕೂಗಲು ಬರುವ ಹೆಸರೇ ಸ್ಟಾಪಿನ ಹೆಸರು. ನಾವು ಮೊದಲ ಸಲ ಈ ಇಬ್ರಾಕ್ಕೆ ಬಂದ ದಿನವೂ ಮಸ್ಕತ್ತಿನ ರೂವಿಯಲ್ಲಿ ಟ್ಯಾಕ್ಸಿಯವನು 'ಇಬ್ರಾ, ಇಬ್ರಾ' ಎಂದು ಕೂಗಿದ್ದರಿಂದಲೇ ಅರಬ್ಬಿಯ ಒಂದಕ್ಷರ ಬಾರದ ನಾವು ಸರಿಯಾದ ಕಾರು ಹತ್ತಿದೆವು. ಈ ಪರೀಕ್ಷೆಗೆ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ' ಎಂಬುದನ್ನು ಒಡ್ಡಿ ನೋಡಿ. ರಾಯಣ್ಣನ ಶೌರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಆಟೋದವನು ಇಂದಿಗೂ 'ಸಿಟಿ ಸ್ಟೇಷನ್ನಾ ಸಾರ್' ಎಂದೇ ಕೇಳುತ್ತಾನೆ.

ಇನ್ನು ಬೆಂಗಳೂರಿನ ಲೆಕ್ಕವನ್ನೇ ನೋಡೋಣ. ಅಲ್ಲಿಯ ದೊಡ್ಡ ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು. 2013ರಲ್ಲಿ ವಿಮಾನ ನಿಲ್ದಾಣಕ್ಕೂ ಕೆಂಪೇಗೌಡರ ಹೆಸರು. ಮೆಟ್ರೊದ ನೇರಳೆ, ಹಸಿರು ಲೈನುಗಳು ಕೂಡುವ ನಿಲ್ದಾಣಕ್ಕೆ 'ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್'. ಪ್ರಯಾಣಿಕ ಹತ್ತಿ ಇಳಿಯುವ ಮೂರು ದೊಡ್ಡ ಜಾಗಗಳಿಗೆ ಒಂದೇ ಹೆಸರು; ಅದರಲ್ಲಿ ಒಂದು ಉಳಿದೆರಡರಿಂದ ಮೂವತ್ತು ಕಿಲೋಮೀಟರಿಗೂ ದೂರ! ವಿಶ್ವೇಶ್ವರಯ್ಯನವರ ಪಾಡೂ ಅದೇ. ಮೆಟ್ರೊದಲ್ಲಿ 'ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜು' ಎಂದು ಒಂದಿತ್ತು. 2022ರಲ್ಲಿ ಬೈಯಪ್ಪನಹಳ್ಳಿಯ ಕಡೆ ಹೊಸ ರೈಲು ಟರ್ಮಿನಲ್ ಶುರುವಾಯಿತು, ಅದೂ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. ನೀರಿನ ಒಂದೊಂದು ಹನಿಗೂ ಲೆಕ್ಕ ಇಟ್ಟ ಆ ಮಹಾ ಇಂಜಿನಿಯರ್, ತಮ್ಮ ಕಚೇರಿಯಲ್ಲಿ ಎರಡು ಕಡತಕ್ಕೆ ಒಂದೇ ಹೆಸರು ಬರೆದ ಗುಮಾಸ್ತನನ್ನು ಉಳಿಸುತ್ತಿದ್ದರೆ? ಆ ಎರಡು ಮೆಟ್ರೊ ಹೆಸರುಗಳಲ್ಲಿ ಅಲ್ಪವಿರಾಮದ ಆಚೆ ಏನಿದೆ ನೋಡಿ. ಮೆಜೆಸ್ಟಿಕ್, ಸೆಂಟ್ರಲ್ ಕಾಲೇಜು. ಕೆಲಸ ಮಾಡುತ್ತಿರುವುದು ಆ ಬಾಲ. ಮೆಜೆಸ್ಟಿಕ್ ಎಂಬುದು ಒಂದು ಸಿನಿಮಾ ಟಾಕೀಸಿನಿಂದ ಬಂದ ಹೆಸರು. ಟಾಕೀಸು ಹೋಯಿತು, ಹೆಸರು ಉಳಿಯಿತು. ಟಿನ್ ಫ್ಯಾಕ್ಟರಿ, ಎಂಟನೇ ಮೈಲಿ, ಸಿಲ್ಕ್ ಬೋರ್ಡು ಎಲ್ಲವೂ ಹೀಗೆ ಜನ ಓಡಾಡಿ ಓಡಾಡಿ ಸವೆದು ನುಣುಪಾದ ಹೆಸರುಗಳು.

ಕೆಂಪೇಗೌಡರ ಹೆಸರನ್ನೇ ಬಂಡವಾಳ ಮಾಡಿಕೊಂಡು ನಮ್ಮನ್ನು ಬಾಯಿ ಮುಚ್ಚಿಸಲು ನೋಡುವವರಿಗೆ ನಾವು ಕೆಂಪೇಗೌಡರನ್ನೇ ಸಾಕ್ಷಿ ಕರೆಯುತ್ತೇವೆ. 1537ರಲ್ಲಿ ಅವರು ನಿಲ್ಲಿಸಿದ ಊರಿನ ಪೇಟೆಗಳನ್ನು ಓದುತ್ತಾ ಹೋಗಿ. ಅಕ್ಕಿ ಮಾರುವಲ್ಲಿ ಅಕ್ಕಿಪೇಟೆ, ಅರಳೆ ಮಾರುವಲ್ಲಿ ಅರಳೆಪೇಟೆ, ಬಳೆಗೆ ಬಳೇಪೇಟೆ, ರಾಗಿಗೆ ರಾಗಿಪೇಟೆ, ದವಸಕ್ಕೆ ತರಗುಪೇಟೆ, ಕುಂಬಾರರಿಗೆ ಕುಂಬಾರಪೇಟೆ, ಗಾಣಿಗರಿಗೆ ಗಾಣಿಗರಪೇಟೆ. ದೊಡ್ಡದು ದೊಡ್ಡಪೇಟೆ, ಚಿಕ್ಕದು ಚಿಕ್ಕಪೇಟೆ. ಹೊಸಬನೊಬ್ಬ ಎತ್ತಿನಗಾಡಿಯಲ್ಲಿ ಅರಳೆ ಹೇರಿಕೊಂಡು ಬಂದರೆ ಯಾರನ್ನೂ ಕೇಳದೆ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತಿತ್ತು. ನಮ್ಮ ಮಕ್ಕಳು ಕುಂಚದಲ್ಲಿ ಬಡಾವಣೆ ಬಳಿದು ಇದು ಅಂಗಡಿಗೆ, ಇದು ಕಾರ್ಖಾನೆಗೆ ಎಂದು ಹಂಚುತ್ತಾರಲ್ಲ, ಕೆಂಪೇಗೌಡರು ನೆಲದ ಮೇಲೆ ಮಾಡಿದ್ದು ಅದನ್ನೇ. ತಮ್ಮ ಹೆಸರಿನಲ್ಲಿ ಒಂದು ಪೇಟೆ ಮಾಡಿಕೊಂಡರೆಂದು ನಾವು ಕೇಳಿಲ್ಲ. 'ಬುಧವಾರಸಂತೆ' ಎಂದು ಇಟ್ಟ ಹುಡುಗಿಗೆ ಈ ವಿಷಯ ಗೊತ್ತಿರಲಿಲ್ಲ. ಕೊಡಗಿನಲ್ಲಿ ಶನಿವಾರಸಂತೆ ಎಂಬ ಊರೇ ಇದೆಯೆಂದೂ ಗೊತ್ತಿರಲಿಲ್ಲ. ನಾವು ಹೇಳಿದಾಗ ಅವಳ ಕಣ್ಣು ಅರಳಿದ್ದನ್ನು ಹಿರಿಯರು ನೋಡಬೇಕಿತ್ತು. ನಾಡಿನ ಪರಿಚಯ ಎಂದರೆ ಇದೂ ಹೌದಲ್ಲವೆ?

ಇಲ್ಲಿ ನಮ್ಮ ಮನೆಯ ಒಂದು ಸಂಗತಿ ಹೇಳಬೇಕಾಗಿದೆ. ಹೇಳಲು ಸ್ವಲ್ಪ ಹಿಂಜರಿಕೆ ಇದೆ. ಊರಿನ ಹೆಸರು ಬೇಡ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ನಮ್ಮ ಭಾವನವರಿಗೆ, ಅಕ್ಕನ ಯಜಮಾನರಿಗೆ, ಕಾಫಿ ಲೋಟ ಕೈಯಿಂದ ಜಾರಿತು. ಮಾತು ತೊದಲಿತು, ಬಾಯಿ ಒಂದು ಕಡೆಗೆ ಎಳೆಯಿತು. ಅಕ್ಕ ಇಬ್ರಾಕ್ಕೆ ನಮಗೆ ಫೋನು ಮಾಡಿದಳು. ನಾವು ಇಲ್ಲಿಂದಲೇ ಕಿರುಚಿದೆವು, ಮೊದಲು ಆಂಬುಲೆನ್ಸಿಗೆ ಹೇಳು ಎಂದು. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದಾಗ ಅದನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಅವಧಿಯಲ್ಲಿಯೂ ಮೊದಲ ಗಂಟೆಯ ಬೆಲೆ ನಾಲ್ಕನೆಯ ಗಂಟೆಗಿಲ್ಲ. ಅಕ್ಕ ಬಡಾವಣೆಯ ಹೆಸರು ಹೇಳಿದಳು. ಒಬ್ಬ ದೊಡ್ಡ ಕವಿಯ ಹೆಸರಿನ ನಗರ ಅದು. ಅದೇ ಕವಿಯ ಹೆಸರಿನ ಇನ್ನೊಂದು ಬಡಾವಣೆ ಅದೇ ಊರಿನ ಇನ್ನೊಂದು ತುದಿಯಲ್ಲಿತ್ತು, ಅದು ಹಳೆಯದು. ಗಾಡಿ ಅಲ್ಲಿಗೆ ಹೋಯಿತು. ಎರಡನೆಯ ಕ್ರಾಸು ಅಲ್ಲೂ ಇತ್ತು, ಅದೇ ಸಂಖ್ಯೆಯ ಮನೆಯೂ ಇತ್ತು. ಬಾಗಿಲು ತೆರೆದವರು ಇಲ್ಲಿ ಎಲ್ಲರೂ ಆರೋಗ್ಯ ಎಂದರು. ಮುಂದಿನದನ್ನು ಬರೆಯುವುದು ಬೇಡ. ಡ್ರೈವರನ ತಪ್ಪೆಂದು ನಾವು ಹೇಳುವುದಿಲ್ಲ. ಆತ ಆಮೇಲೆ ಅಕ್ಕನ ಮುಂದೆ ಕೈಮುಗಿದು ಅಂದದ್ದು ಇದು: 'ಅಮ್ಮಾ, ಕೆರೆಕೋಡಿ ಅಂದಿದ್ರೆ ಹತ್ತು ನಿಮಿಷಕ್ಕೆ ಬರ್ತಿದ್ದೆ.' ಆ ಜಾಗಕ್ಕೆ ಮೊದಲು ಕೆರೆಕೋಡಿ ಎಂದೇ ಹೆಸರು. ಅಕ್ಕ ಅಲ್ಲಿಗೆ ಬರುವ ಹೊತ್ತಿಗೆ ಫಲಕ ಬದಲಾಗಿತ್ತು, ಅವಳಿಗೆ ಆ ಹೆಸರು ಗೊತ್ತೇ ಇರಲಿಲ್ಲ.

ಬೇಗ ಬಂದಿದ್ದರೆ ಭಾವ ಪೂರ್ತಿ ಸರಿಹೋಗುತ್ತಿದ್ದರೆಂದು ವೈದ್ಯರಾಗಿ ನಾವು ಪ್ರಮಾಣ ಮಾಡಲಾರೆವು. ಅವರು ಬದುಕಿದ್ದಾರೆ, ನಡೆಯುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರ ಬಲಗೈಯಲ್ಲಿ ಈಗ ಪೆನ್ನು ನಿಲ್ಲುವುದಿಲ್ಲ. ಆ ಕವಿಯ ಪದ್ಯಗಳು ಇಂದಿಗೂ ಅವರಿಗೆ ಬಾಯಿಪಾಠ. ಹೆಸರು ಗೌರವಕ್ಕೆ, ಜಾಗದ ಗುರುತಿಗೆ ಇನ್ನೇನಾದರೂ ಇದ್ದೇ ಇರುತ್ತದೆ ಎನ್ನುವವರು ಒಮ್ಮೆ ನಮ್ಮ ಅಕ್ಕನೊಡನೆ ಮಾತಾಡಲಿ.

ಈ ರೋಗ ನಮ್ಮ ವೃತ್ತಿಯಲ್ಲೂ ಇದೆ ಎಂದು ಒಪ್ಪಿಕೊಳ್ಳುತ್ತೇವೆ. ಕಂಡುಹಿಡಿದವರ ಹೆಸರನ್ನು ರೋಗಕ್ಕೂ ಅಂಗಕ್ಕೂ ಅಂಟಿಸಿ ವಿದ್ಯಾರ್ಥಿಗಳ ಪ್ರಾಣ ತಿಂದವರು ನಾವು. ಆದರೆ ಕೈಗೆ ರಕ್ತ ಒಯ್ಯುವ ನಾಳವನ್ನು ನೋಡಿ. ಒಂದೇ ಕೊಳವೆ. ಕೊರಳೆಲುಬಿನ ಕೆಳಗೆ ಅದಕ್ಕೆ ಕೊರಳೆಲುಬಿನಡಿಯ ಧಮನಿ ಎಂದು ಹೆಸರು, ಕಂಕುಳಿಗೆ ಬಂದೊಡನೆ ಕಂಕುಳ ಧಮನಿ, ತೋಳಿಗೆ ಇಳಿದೊಡನೆ ತೋಳಿನ ಧಮನಿ. ಹೆಸರು ಕೇಳಿದರೆ ಸಾಕು, ಕೈ ಎಲ್ಲಿ ಒತ್ತಬೇಕೆಂದು ನರ್ಸಿಗೆ ತಿಳಿಯುತ್ತದೆ. ರಕ್ತ ಸುರಿಯುತ್ತಿರುವಾಗ 'ಯಾರ ಧಮನಿ' ಎಂದು ಯಾರೂ ಕೇಳುವುದಿಲ್ಲ, 'ಎಲ್ಲಿಯ ಧಮನಿ' ಎನ್ನುತ್ತಾರೆ.

ಈಗ ಆ ಎಂಟು ಜ್ಞಾನಪೀಠಗಳಿಗೆ ಬರೋಣ. ಹಿರಿಯರ ನಿಯಮ ಜಾರಿಗೆ ಬಂತೆನ್ನಿ. ಅಜ್ಜಿಗೆ ಎದೆನೋವು, ಆಸ್ಪತ್ರೆಗೆ ಹೋಗಬೇಕು. ಮೊಮ್ಮಗ ದಾರಿ ಹೇಳುತ್ತಾನೆ: 'ಅಜ್ಜೀ, ಬೇಂದ್ರೆ ಹತ್ತು, ಮಾಸ್ತಿಯಲ್ಲಿ ಇಳಿ, ಅಲ್ಲಿಂದ ಕಾರಂತ ಹಿಡಿ, ಗೋಕಾಕ ದಾಟಿದ ಮೇಲೆ ಪುಲಕೇಶಿ.' ಬೇಂದ್ರೆಯವರಿಗೇ ಇದು ಕೇಳಿಸಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಇದರಲ್ಲಿ ಇನ್ನೊಂದು ತಮಾಷೆಯೂ ಇದೆ. ಮಾಸ್ತಿ ಎಂಬುದು ವೆಂಕಟೇಶ ಅಯ್ಯಂಗಾರರ ಹೆಸರಲ್ಲ, ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ಊರು. ಗೋಕಾಕ ಬೆಳಗಾವಿ ಜಿಲ್ಲೆಯ ಊರು. ಕುವೆಂಪು ಅವರ ಮೊದಲಕ್ಷರ ಕುಪ್ಪಳಿಯದು. ರಾಯಣ್ಣನ ಹೆಸರಿನ ಸಂಗೊಳ್ಳಿಯೂ ಊರೇ. ನಮ್ಮ ಈ ದೊಡ್ಡವರೆಲ್ಲ ತಮ್ಮ ಹೆಸರಿನಲ್ಲಿ ಒಂದು ಊರನ್ನು ಹೊತ್ತು ತಿರುಗಿದರು. ನಾವು ಮಾಡುತ್ತಿರುವುದೇನು? ಊರಿನ ಹೆಸರನ್ನು ಅಳಿಸಿ ಅವರ ಹೆಸರು ಬರೆಯುತ್ತಿದ್ದೇವೆ.

ಇದು ಕನ್ನಡಾಭಿಮಾನಕ್ಕೆ ವಿರುದ್ಧ ಎಂದು ಒಬ್ಬ ಸದಸ್ಯರು ಈಗಾಗಲೇ ಫೋನಿನಲ್ಲಿ ನಮ್ಮನ್ನು ಗದರಿಸಿದ್ದಾರೆ. ಅವರಿಗೆ ಉತ್ತರ ಇಲ್ಲಿದೆ. 2017ರಲ್ಲಿ ಬೆಂಗಳೂರು ಮೆಟ್ರೊದ ಫಲಕಗಳಲ್ಲಿ ಹಿಂದಿ ಬೇಡವೆಂದು ಜನ ಎದ್ದರು, ಸರ್ಕಾರ ಕೇಂದ್ರಕ್ಕೆ ಬರೆಯಿತು, ಆ ಫಲಕಗಳು ಹೋದವು. ನಾವೂ ಇಲ್ಲಿ ಕೂತು ಸಂತೋಷಪಟ್ಟೆವು. ಆದರೆ ಕನ್ನಡಕ್ಕೆ ಅದಕ್ಕಿಂತ ದೊಡ್ಡ ಗೆಲುವು 2023ರಲ್ಲಿ ಸದ್ದಿಲ್ಲದೆ ಆಯಿತು. ಆ ವರ್ಷ ಮಾರ್ಚಿಯಲ್ಲಿ ವೈಟ್‌ಫೀಲ್ಡ್ ಕಡೆಯ ಭಾಗ ತೆರೆಯಿತು. ನಿಲ್ದಾಣಗಳ ಹೆಸರನ್ನು ಗಟ್ಟಿಯಾಗಿ ಓದಿ ನೋಡಿ: ಪಟ್ಟಂದೂರು ಅಗ್ರಹಾರ, ನಲ್ಲೂರಹಳ್ಳಿ, ಕುಂದಲಹಳ್ಳಿ, ಸೀತಾರಾಮಪಾಳ್ಯ, ಹೂಡಿ, ಗರುಡಾಚಾರ್‌ಪಾಳ್ಯ, ಸಿಂಗಯ್ಯನಪಾಳ್ಯ. ಗಾಜಿನ ಕಟ್ಟಡಗಳ ಕೆಳಗೆ ಹೂತುಹೋಗಿದ್ದ ಹಳ್ಳಿಗಳು! ಪುಣೆಯಿಂದ ಬಂದವನೂ ಕೊಲ್ಕತ್ತಾದಿಂದ ಬಂದವಳೂ ದಿನಾ ಬೆಳಿಗ್ಗೆ ಈ ಕನ್ನಡ ಹೆಸರುಗಳನ್ನು ಕೇಳಿಕೊಂಡು ಕೆಲಸಕ್ಕೆ ಹೋಗುತ್ತಾರೆ, ಬಾಯಲ್ಲಿ ಹೇಳುತ್ತಾರೆ. ಅದೇ ವರ್ಷ ಅಕ್ಟೋಬರಿನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ನೇರಳೆ ಲೈನು ಪೂರ್ತಿಯಾಯಿತು. 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರಕ್ಕೆ ಹಳದಿ ಲೈನು ಬಂತು. ಅದರಲ್ಲಿ ಕಂಪನಿಗಳ ಹೆಸರೂ ಸೇರಿದೆ. 'ಇನ್ಫೋಸಿಸ್ ಫೌಂಡೇಷನ್ ಕೋನಪ್ಪನ ಅಗ್ರಹಾರ', 'ಬಯೋಕಾನ್ ಹೆಬ್ಬಗೋಡಿ', 'ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ'. ನಮಗೆ ಇದು ಅಷ್ಟೇನೂ ರುಚಿಸದು. ಆದರೂ ಹಳ್ಳಿಯ ಹೆಸರನ್ನು ಕಿತ್ತುಹಾಕಿಲ್ಲ, ಅಷ್ಟರಮಟ್ಟಿಗೆ ಕಂಪನಿಗಳು ನಮ್ಮ ಹಿರಿಯರಿಗಿಂತ ಮೇಲು.

ನೇರಳೆ, ಹಸಿರು, ಹಳದಿ ಎಂಬ ಹೆಸರುಗಳೇ ಎಷ್ಟು ಚೆನ್ನ. ಅಕ್ಷರ ಬಾರದವರೂ ಕಣ್ಣಿನಿಂದ ಓದಬಹುದು. ನೇರಳೆ ಹಣ್ಣು ತಿಂದ ನಾಲಿಗೆ ಯಾವ ಬಣ್ಣವೆಂದು ಕನ್ನಡದ ಮಗುವಿಗೆ ಹೇಳಿಕೊಡಬೇಕೆ? 2025ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು 'ನಮ್ಮ ಮೆಟ್ರೊ'ಗೆ 'ಬಸವ ಮೆಟ್ರೊ' ಎಂದು ಹೆಸರಿಡಲು ಕೇಂದ್ರಕ್ಕೆ ಶಿಫಾರಸು ಮಾಡುವ ಮಾತಾಡಿದರು. ಬಸವಣ್ಣನವರಲ್ಲಿ ನಮಗಿರುವ ಭಕ್ತಿ ಯಾರಿಗೂ ಕಡಿಮೆಯದಲ್ಲ. ಆದರೆ 'ನಮ್ಮ' ಎಂಬ ಮಾತಿಗಿಂತ ಬಸವಣ್ಣನವರಿಗೆ ಹತ್ತಿರದ ಮಾತು ಯಾವುದಿದೆ? ಅದನ್ನು ತೆಗೆದು ಅವರ ಹೆಸರು ಹಾಕುವುದೆಂದರೆ ಅವರ ಕೈಯಿಂದ ಕಸಿದು ಅವರಿಗೇ ಉಡುಗೊರೆ ಕೊಟ್ಟಂತೆ.

ರೈಲುಗಾಡಿಗಳ ಮಾತು ಬೇರೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಎಂದರೆ ಒಂದೇ ಗಾಡಿ, ಅದು ಓಡುತ್ತದೆ, ಅದಕ್ಕೊಂದು ಸಂಖ್ಯೆಯೂ ಇದೆ. ಯಾವ ಊರಿನ ಹೆಸರನ್ನೂ ಅದು ನುಂಗುವುದಿಲ್ಲ. 2022ರಲ್ಲಿ ಟಿಪ್ಪು ಎಕ್ಸ್‌ಪ್ರೆಸ್ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಸರಿಯೋ ತಪ್ಪೋ ಎಂಬ ಜಗಳಕ್ಕೆ ನಾವು ಹೋಗುವುದಿಲ್ಲ, ಈ ಕೂಟ ಒಡೆಯಲು ಅದೊಂದೇ ಸಾಕು. ಮೈಸೂರಿಗೆ ಟಿಕೆಟ್ ತೆಗೆಯುವವನಿಗೆ ಅಂದು ದಾರಿ ತಪ್ಪದಂತೆ ನೋಡಿಕೊಂಡದ್ದು 12613 ಎಂಬ ಬದಲಾಗದ ಸಂಖ್ಯೆ.

ಹಾಗಾದರೆ ಮಹನೀಯರ ಹೆಸರು ಬೇಡವೆಂದರೆ ದಿಕ್ಕಿನ ಹೆಸರು ಇಡೋಣ, ಯಾರಿಗೂ ನೋವಿಲ್ಲ ಎಂದು ಸಮಿತಿಯ ಇನ್ನೊಬ್ಬರು ರಾಜಿ ಸೂತ್ರ ತಂದಿದ್ದಾರೆ. ಇದು ಇನ್ನೂ ಕೆಟ್ಟದ್ದು. ನಾವು ಹೊರದೇಶದಲ್ಲಿ ರೆಸಿಡೆನ್ಸಿ ಮಾಡುವಾಗ ರಾತ್ರಿ ಪಾಳಿ ಮುಗಿಸಿ ಬಂದು ಸಹಪಾಠಿಯ ಕಂಪ್ಯೂಟರಿನಲ್ಲಿ 'ಟ್ರಾನ್ಸ್‌ಪೋರ್ಟ್ ಟೈಕೂನ್' ಎಂಬ ಆಟ ಆಡುತ್ತಿದ್ದೆವು. 1994ರಲ್ಲಿ ಬಂದ ಆಟ. (ಮಕ್ಕಳ ಆಟಕ್ಕೆ ಇಷ್ಟು ಪರವಹಿಸುವುದರ ಗುಟ್ಟು ಈಗ ಬಯಲಾಯಿತು.) ಅದರಲ್ಲಿ ಒಂದು ಊರಿನಲ್ಲಿ ಮೊದಲ ನಿಲ್ದಾಣ ಕಟ್ಟಿದರೆ ಊರಿನ ಹೆಸರೇ ಬರುತ್ತಿತ್ತು. ಇನ್ನೊಂದು ಕಟ್ಟಿದರೆ ಯಂತ್ರ ತಾನಾಗಿಯೇ ಅದೇ ಹೆಸರಿಗೆ ಉತ್ತರ, ದಕ್ಷಿಣ ಎಂದು ಬಾಲ ಕಟ್ಟುತ್ತಿತ್ತು. ಅಲ್ಲಿ ಯಾರು ಬದುಕುತ್ತಾರೆಂದು ಯಂತ್ರಕ್ಕೆ ಗೊತ್ತಿಲ್ಲ, ಅದಕ್ಕೇ ಹಾಗೆ. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹೋಗಿ ಐದು ನಗರ ಪಾಲಿಕೆಗಳಾದವು. ಹೆಸರು? ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಯಂತ್ರಕ್ಕೆ ಬಿಟ್ಟಿದ್ದರೂ ಇದೇ ಬರುತ್ತಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ 'ಬೆಂಗಳೂರು ದಕ್ಷಿಣ ಜಿಲ್ಲೆ' ಎಂದು ಹೆಸರು ಬದಲಾಯಿಸಲು ಸಂಪುಟ ತೀರ್ಮಾನಿಸಿತ್ತು. ಈಗ ಎಣಿಸಿ. ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರ, ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರ, ಬೆಂಗಳೂರು ದಕ್ಷಿಣ ತಾಲ್ಲೂಕು, ಬೆಂಗಳೂರು ದಕ್ಷಿಣ ನಗರ ಪಾಲಿಕೆ, ಬೆಂಗಳೂರು ದಕ್ಷಿಣ ಜಿಲ್ಲೆ. ಐದು ದಕ್ಷಿಣ! ಇದರಲ್ಲಿ ಆ ತಾಲ್ಲೂಕು ಆ ಜಿಲ್ಲೆಯಲ್ಲಿಲ್ಲ, ಬೆಂಗಳೂರು ನಗರ ಜಿಲ್ಲೆಯಲ್ಲಿದೆ. ನಮ್ಮ ಕೂಟದ ಚನ್ನಪಟ್ಟಣದ ಕುಟುಂಬ ಇನ್ನು ಪಾಸ್‌ಪೋರ್ಟ್ ಅರ್ಜಿಯಲ್ಲಿ ಏನು ತುಂಬಿ, ಯಾರಿಗೆ ಏನು ವಿವರಿಸಬೇಕೋ, ದೇವರೇ ಬಲ್ಲ. ರಾಮನಗರ ಎಂದರೆ ಬಂಡೆಗಳು ಕಣ್ಣಿಗೆ ಬರುತ್ತಿದ್ದವು, ರೇಷ್ಮೆಗೂಡಿನ ವಾಸನೆ ಮೂಗಿಗೆ ಬರುತ್ತಿತ್ತು. ದಕ್ಷಿಣ ಎಂದರೆ ಏನು ಬರುತ್ತದೆ?

ನಮ್ಮ ಇಬ್ರಾದಲ್ಲಿಯೂ ಮೇಲಿನದು ಕೆಳಗಿನದು ಎಂದು ಎರಡು ಭಾಗಗಳಿಲ್ಲವೆ, ಅದು ದಿಕ್ಕಿನ ಹೆಸರಲ್ಲವೆ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಅಲಾಯಾ, ಸುಫಾಲಾ. ಆದರೆ ಅದನ್ನು ನಕಾಶೆಯ ಮುಂದೆ ಕೂತು ಇಟ್ಟದ್ದಲ್ಲ. ಏರು ತಗ್ಗು ಕಾಲಿಗೆ ತಿಳಿಯುತ್ತದೆ, ಫಲಜಿನ ನೀರಿಗೆ ತಿಳಿಯುತ್ತದೆ, ಎರಡೂ ಕಡೆಯವರಿಗೆ ತಾವು ಯಾರೆಂದು ಚೆನ್ನಾಗಿ ತಿಳಿದಿದೆ. ನಮ್ಮ ಹಳ್ಳಿಗಳ ಮೇಲಿನಕೇರಿ ಕೆಳಗಿನಕೇರಿಗಳ ಹಾಗೆ. ಹೊರರೋಗಿಗಳ ವಿಭಾಗದಲ್ಲಿ ಮುದುಕಿಯೊಬ್ಬಳು 'ಸುಫಾಲಾ' ಎಂದರೆ ನಮಗೆ ಅವಳ ಮನೆಯ ದಾರಿ ಅರ್ಧ ಗೊತ್ತಾದ ಹಾಗೆ.

ಮಕ್ಕಳು ಮಾಡಿದ್ದೆಲ್ಲ ಸರಿ ಎಂದೂ ನಾವು ಹೇಳುತ್ತಿಲ್ಲ. ಹುಣಸೆ ಲೈನಿನ ಕಂದು ಬಣ್ಣವೂ ಇನ್ನೊಂದು ಲೈನಿನ ಹಸಿರೂ ಕೆಲವು ಗಂಡುಮಕ್ಕಳಿಗೆ ಒಂದೇ ಥರ ಕಾಣುತ್ತವೆ. ಕೆಂಪು ಹಸಿರುಗಳನ್ನು ಬೇರೆ ಮಾಡಿ ಕಾಣಲಾರದ ಕಣ್ಣು ಹುಟ್ಟಿನಿಂದ ಬರುವಂಥದು, ಗಂಡಸರಲ್ಲೇ ಹೆಚ್ಚು. ನಮ್ಮ ಹನ್ನೊಂದರಲ್ಲಿ ಒಬ್ಬನಿಗೆ ಇದೆಯೆಂದು ನಮಗೆ ಆ ಶುಕ್ರವಾರವೇ ಅನುಮಾನ ಬಂತು, ತಾಯಿಗೆ ಹೇಳಿದ್ದೇವೆ. ಆದ್ದರಿಂದ ಬಣ್ಣದ ಜೊತೆಗೆ ಸಂಖ್ಯೆಯೂ ಇರಲಿ. ಬೆಂಗಳೂರಿನ ಬಸ್ಸುಗಳನ್ನು ನೋಡಿ. 365 ಎಂದರೆ ಬನ್ನೇರುಘಟ್ಟದ ಕಡೆ, 335ಇ ಎಂದರೆ ಕಾಡುಗೋಡಿ, 500ಡಿ ಎಂದರೆ ಹೊರವರ್ತುಲ ರಸ್ತೆ. ಓದು ಬಾರದ ಹೂವಿನವಳೂ ದೂರದಿಂದ ಸಂಖ್ಯೆ ಗುರುತು ಹಿಡಿದು ಬುಟ್ಟಿ ಎತ್ತಿಕೊಳ್ಳುತ್ತಾಳೆ. 'ಮೂಗುಮುಚ್ಚು' ಸ್ಟಾಪನ್ನು ಹಾಗೆಯೇ ಬಿಡಬೇಕೆಂಬುದು ನಮ್ಮ ಹಠ. ಇಡೀ ಊರಿನಲ್ಲಿ ಅಷ್ಟು ನಿಜವಾದ ಹೆಸರು ಇನ್ನೊಂದಿಲ್ಲ.

ಮಹನೀಯರ ಪರಿಚಯ ಬೇಕೆಂಬ ಹಿರಿಯರ ಆಸೆ ದೊಡ್ಡದು, ಅದಕ್ಕೆ ದಾರಿ ಇದೆ. ಆಟದಲ್ಲಿ ಉದ್ಯಾನಗಳಿವೆ, ಪ್ರತಿಮೆಗಳಿವೆ, ಗ್ರಂಥಾಲಯವಿದೆ. ಗ್ರಂಥಾಲಯಕ್ಕೆ ಮಾಸ್ತಿಯವರ ಹೆಸರಿಡಿ, ನಾವೇ ಮೊದಲು ಕೈ ಎತ್ತುತ್ತೇವೆ. ಅದರ ಜೊತೆಗೆ ಅವರ ಒಂದು ಸಣ್ಣಕತೆಯನ್ನು ಮಕ್ಕಳಿಗೆ ಓದಿ ಹೇಳಿ. ಬಸ್ಸಿನ ಹಣೆಯ ಮೇಲೆ ಹೆಸರು ಬರೆದು ಕತೆ ಓದದೆ ಬಿಟ್ಟರೆ ಮಕ್ಕಳಿಗೆ ಮಾಸ್ತಿ ಎಂದರೆ ಆರನೆಯ ನಂಬರಿನ ಬಸ್ಸು ಎಂದಾದೀತು.

ಮುಂದಿನ ಶುಕ್ರವಾರದ ಸಮಿತಿ ಸಭೆಗೆ ನಾವು ಕೊಡುತ್ತಿರುವ ತಿದ್ದುಪಡಿ ಹೀಗಿದೆ. ಹೆಸರನ್ನು ಮಕ್ಕಳೇ ಇಡಲಿ. ಒಂದು ಹೆಸರು ಊರಿನಲ್ಲಿ ಒಂದೇ ಕಡೆ ಇರಲಿ. ಇಟ್ಟವರು ಎದ್ದು ನಿಂತು ಒಂದೇ ಉಸಿರಿನಲ್ಲಿ ಮೂರು ಸಲ ಕೂಗಿ ತೋರಿಸಲಿ. ಇದನ್ನು ಒಪ್ಪುವವರು ಸಭೆಗೆ ದಯವಿಟ್ಟು ಬನ್ನಿ. ಕಳೆದ ಸಭೆಗೆ ಐದೇ ಮಂದಿ ಇದ್ದು, ಅವರಲ್ಲಿ ಇಬ್ಬರು ತಿಂಡಿಗೆ ಬಂದವರು. ಸೂರ್, ಸಿನಾವ್ ಕಡೆಯಿಂದ ಬರುವವರು ಮೊದಲೇ ತಿಳಿಸಿದರೆ ಊಟದ ಲೆಕ್ಕಕ್ಕೆ ಅನುಕೂಲ. ಮಕ್ಕಳ ಲ್ಯಾಪ್‌ಟಾಪಿನ ಚಾರ್ಜರನ್ನು ಈ ಸಲ ಮರೆಯಬೇಡಿ. ಹೋದ ಸಲ ಬುಧವಾರಸಂತೆಯ ಹತ್ತಿರ ಬಸ್ಸುಗಳು ಸಾಲುಗಟ್ಟಿ ನಿಂತಿದ್ದಾಗಲೇ ಬ್ಯಾಟರಿ ಮುಗಿದು ಊರಿಗೆ ಊರೇ ಕತ್ತಲಾಗಿತ್ತು.